ಸ್ವಚ್ಛಗೊಳಿಸಿದ ಪಿಸ್ತೂಲಿನ ಮರುಜೋಡಣೆ

ಅರೆಸ್ವಯಂಚಾಲಿತ ಪಿಸ್ತೂಲನ್ನು ಸ್ವಚ್ಛಗೊಳಿಸಲೆಂದು ಬಿಚ್ಚಿದಾಗ ಮುಂದೆ ಹರಡಿಕೊಳ್ಳುವುದು ಸಾಮಾನ್ಯವಾಗಿ ಐದೇ ಭಾಗಗಳು: ಹಿಡಿಕೆಯನ್ನೂ ಟ್ರಿಗರಿನ ಯಂತ್ರಾಂಗವನ್ನೂ ಒಳಗೊಂಡ ಫ್ರೇಮ್, ಅದರ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡ್, ನಳಿಗೆ, ಗೈಡ್ ರಾಡಿನ ಸುತ್ತ ಕುಳಿತು ಸ್ಲೈಡನ್ನು ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್ ಮತ್ತು ಕಾಡತೂಸುಗಳನ್ನು ತುಂಬುವ ಮ್ಯಾಗಜೀನ್. ಕೆಲವು ಮಾದರಿಗಳಲ್ಲಿ ಇವುಗಳ ಜೊತೆಗೆ ಸ್ಲೈಡ್ ಸ್ಟಾಪ್ ಎಂಬ ಅಡ್ಡಪಿನ್ನೂ ಹೊರಬಂದಿರುತ್ತದೆ. ಬಿಚ್ಚಿದ ಕ್ರಮವನ್ನೇ ತಿರುಗಿಸಿದರೆ ಜೋಡಣೆ ಮುಗಿಯಿತು ಎಂದು ಬಹುತೇಕ ಕೈಪಿಡಿಗಳು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತವೆ. ಆ ಮಾತು ಸುಳ್ಳಲ್ಲ, ಆದರೆ ಸಾಲದು. ಬಿಚ್ಚುವಾಗ ಸ್ಪ್ರಿಂಗ್ ನಮ್ಮ ಕೆಲಸಕ್ಕೆ ನೆರವಾಗಿ ಭಾಗಗಳನ್ನು ತಾನೇ ಹೊರಗೆ ತಳ್ಳುತ್ತದೆ. ಜೋಡಿಸುವಾಗ ಅದೇ ಸ್ಪ್ರಿಂಗ್ ನಮಗೆ ಎದುರಾಗಿ ನಿಲ್ಲುತ್ತದೆ. ಬಿಚ್ಚುವಾಗ ಭಾಗವೊಂದು ತಪ್ಪು ಜಾಗದಲ್ಲಿ ಕೂರುವ ಪ್ರಶ್ನೆಯೇ ಇಲ್ಲ. ಜೋಡಿಸುವಾಗ ಅದು ಕೂದಲೆಳೆಯಷ್ಟು ಓರೆಯಾಗಿ ಕೂತರೂ ಸ್ಲೈಡ್ ನಡುವೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಕ್ರಮವನ್ನು ಕಂಠಪಾಠ ಮಾಡುವುದಕ್ಕಿಂತ, ಯಾವ ಭಾಗ ಯಾವುದನ್ನು ಏಕೆ ಹಿಡಿದಿಟ್ಟಿದೆ ಎಂಬುದನ್ನು ತಿಳಿಯುವುದು ಹೆಚ್ಚು ಉಪಯುಕ್ತ ಎಂಬುದು ನನ್ನ ನಂಬಿಕೆ.

ಜೋಡಣೆಗೆ ಕೈಹಾಕುವ ಮುನ್ನ ಒಂದು ವಿಷಯವನ್ನು ಮತ್ತೊಮ್ಮೆ ಖಚಿತಪಡಿಸಿಕೊಳ್ಳಬೇಕು. ಸ್ವಚ್ಛಗೊಳಿಸುವ ಮೇಜಿನ ಮೇಲೆ, ಸಾಧ್ಯವಾದರೆ ಆ ಕೋಣೆಯಲ್ಲೇ, ಒಂದೂ ಸಜೀವ ಕಾಡತೂಸು ಇರಕೂಡದು. ಬಿಚ್ಚುವ ಮೊದಲು ಮ್ಯಾಗಜೀನನ್ನು ತೆಗೆದು, ಸ್ಲೈಡನ್ನು ಹಿಂದಕ್ಕೆಳೆದು, ನಳಿಗೆಯ ಹಿಂತುದಿಯಲ್ಲಿ ಕಾಡತೂಸು ಕೂರುವ ಚೇಂಬರ್ ಖಾಲಿಯಿದೆಯೆಂದು ಕಣ್ಣಿನಿಂದ ನೋಡಿ ಬೆರಳಿನಿಂದ ಮುಟ್ಟಿ ಪರೀಕ್ಷಿಸಿರುತ್ತೇವೆ. ಈ ಕ್ರಮ ಮುಖ್ಯ: ಮ್ಯಾಗಜೀನ್ ಒಳಗಿರುವಾಗಲೇ ಸ್ಲೈಡನ್ನು ಎಳೆದು ಬಿಟ್ಟರೆ ಒಂದು ಕಾಡತೂಸು ಹೊರಬಿದ್ದು ಮತ್ತೊಂದು ಒಳಸೇರುತ್ತದೆ. ಗ್ಲಾಕ್‌ನಂಥ ಪಿಸ್ತೂಲುಗಳನ್ನು ಬಿಚ್ಚುವುದಕ್ಕೇ ಟ್ರಿಗರನ್ನು ಒಮ್ಮೆ ಒತ್ತಬೇಕಾಗುವುದರಿಂದ, ಅಲ್ಲಿ ಈ ಪರೀಕ್ಷೆಯಲ್ಲಿ ಆಗುವ ಲೋಪ ಕ್ಷಮೆಯಿಲ್ಲದ್ದು. ಜೋಡಣೆಯ ಕೊನೆಯಲ್ಲೂ ಟ್ರಿಗರನ್ನು ಒತ್ತಿ ನೋಡುವ ಹಂತವೊಂದು ಬರುತ್ತದೆ; ನಡುವೆ ಯಾರೋ ಬಂದು ಮಾತನಾಡಿಸಿ, ಕೆಲಸ ಅರ್ಧಕ್ಕೆ ನಿಂತು, ಮರಳಿ ಬಂದಾಗ ಮೇಜಿನ ಮೇಲೆ ಏನಿತ್ತು ಏನಿರಲಿಲ್ಲ ಎಂಬುದು ಮರೆತುಹೋಗಬಹುದು. ಹಾಗೆ ನಿಂತ ಕೆಲಸವನ್ನು ಮೊದಲ ಪರೀಕ್ಷೆಯಿಂದಲೇ ಮತ್ತೆ ಆರಂಭಿಸಬೇಕು.

ಬಿಡಿಯಾಗಿರುವ ನಳಿಗೆಯನ್ನು ಬೆಳಕಿಗೆ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು. ಒರೆಸಿದ ಬಟ್ಟೆಯ ಚೂರು, ಬ್ರಷ್ಷಿನಿಂದ ಮುರಿದು ಉಳಿದ ತುಣುಕು, ಕೂಡಿಕೊಂಡ ಎಣ್ಣೆ, ಇವು ಯಾವುವೂ ಒಳಗಿರಬಾರದು. 9×19 ಮಿಲಿಮೀಟರ್ ಕಾಡತೂಸು ಸಿಡಿದಾಗ ನಳಿಗೆಯೊಳಗಿನ ಒತ್ತಡ ಸುಮಾರು 2,350 ಬಾರ್‌ವರೆಗೆ ಏರಲು ಮಾನದಂಡಗಳು ಅವಕಾಶ ಕೊಡುತ್ತವೆ. ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡ ಹೆಚ್ಚುಕಡಿಮೆ ಎರಡು ಬಾರ್ ಎಂಬುದನ್ನು ನೆನೆದರೆ ಇದರ ಅಗಾಧತೆ ತಿಳಿಯುತ್ತದೆ. ಅಂಥ ಒತ್ತಡದಲ್ಲಿ ಧಾವಿಸುವ ಗುಂಡಿಗೆ ದಾರಿಯಲ್ಲಿ ಅಡ್ಡಿ ಎದುರಾದರೆ ನಳಿಗೆ ಉಬ್ಬಬಹುದು, ಸೀಳಬಹುದು. ಚೇಂಬರಿನ ಒಳಗೋಡೆಯೂ ಒಣಗಿರಬೇಕು. ಸಿಡಿದ ಕ್ಷಣದಲ್ಲಿ ಹಿಗ್ಗುವ, ಕಾಡತೂಸಿನ ಹಿತ್ತಾಳೆಯ ಕೋಶ ಆ ಗೋಡೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಗೋಡೆ ಎಣ್ಣೆಯಿಂದ ಜಾರುತ್ತಿದ್ದರೆ ಆ ಹಿಡಿತ ಸಡಿಲಿ, ಹಿಂದಿನ ಸ್ಲೈಡಿನ ಮೇಲೆ ಬೀಳುವ ಒತ್ತು ಹೆಚ್ಚುತ್ತದೆ.

ಇನ್ನು ವಿಷಯದ ತಿರುಳಿಗೆ ಬರೋಣ. ಜೋಡಣೆಯಲ್ಲಿ ಎದುರಾಗುವ ತೊಡಕುಗಳಲ್ಲಿ ಹೆಚ್ಚಿನವು ಒಂದೇ ಜಾಗದಲ್ಲಿ ಹುಟ್ಟುತ್ತವೆ. ಅದು ನಳಿಗೆಯ ಹಿಂಭಾಗದ ಅಡಿಯಲ್ಲಿರುವ ಚಿಕ್ಕ ಉಬ್ಬು. ಇದು ಅಲ್ಲಿ ಏಕಿದೆ ಎಂದು ತಿಳಿಯಬೇಕಾದರೆ ಪಿಸ್ತೂಲು ಗುಂಡು ಹಾರಿಸುವಾಗ ಒಳಗೆ ನಡೆಯುವುದನ್ನು ಮನಸ್ಸಿನಲ್ಲಿ ನಿಧಾನವಾಗಿ ಚಿತ್ರಿಸಿಕೊಳ್ಳಬೇಕು. ಗುಂಡು ನಳಿಗೆಯಿಂದ ಹೊರಬೀಳುವ ಮುನ್ನವೇ ಹಿಂಬದಿ ತೆರೆದುಕೊಂಡರೆ ಬಿಸಿ ಅನಿಲ ಹಾರಿಸುವವನ ಮುಖದತ್ತ ನುಗ್ಗುತ್ತದೆ. ಆದ್ದರಿಂದ ಆರಂಭದ ಕೆಲವು ಮಿಲಿಮೀಟರ್ ದೂರ ನಳಿಗೆ ಮತ್ತು ಸ್ಲೈಡ್ ಎರಡೂ ಒಂದಕ್ಕೊಂದು ಬೆಸೆದುಕೊಂಡು ಜೊತೆಯಾಗಿಯೇ ಹಿಂದಕ್ಕೆ ಸರಿಯುತ್ತವೆ. ಅಷ್ಟರಲ್ಲಿ ಗುಂಡು ಹೊರಬಿದ್ದು ಒತ್ತಡ ಇಳಿದಿರುತ್ತದೆ. ಆಗ ನಳಿಗೆಯ ಹಿಂಭಾಗ ತುಸು ಕೆಳಗೆ ಬಾಗಿ ಸ್ಲೈಡಿನ ಹಿಡಿತದಿಂದ ಬಿಡಿಸಿಕೊಳ್ಳುತ್ತದೆ. ನಳಿಗೆ ಅಲ್ಲೇ ನಿಲ್ಲುತ್ತದೆ, ಸ್ಲೈಡ್ ಮಾತ್ರ ಹಿಂದಕ್ಕೆ ಹೋಗಿ ಖಾಲಿ ಕೋಶವನ್ನು ಹೊರಹಾಕಿ, ಸ್ಪ್ರಿಂಗಿನ ಬಲದಿಂದ ಮರಳಿ ಬರುವಾಗ ಹೊಸ ಕಾಡತೂಸನ್ನು ತಳ್ಳಿಕೊಂಡು ಬರುತ್ತದೆ. ನಳಿಗೆಯನ್ನು ಸರಿಯಾದ ಗಳಿಗೆಯಲ್ಲಿ ಕೆಳಗೆ ಎಳೆಯುವುದೂ ಮತ್ತೆ ಮೇಲೆತ್ತುವುದೂ ಆ ಉಬ್ಬಿನ ಕೆಲಸ.

ಈ ಬಾಗುವ ನಳಿಗೆಯ ವಿನ್ಯಾಸ ಅಮೆರಿಕದ ಜಾನ್ ಬ್ರೌನಿಂಗ್ ಅವರದು. ಅವರ ವಿನ್ಯಾಸದ, ಅಮೆರಿಕದ ಸೇನೆ 1911ರಲ್ಲಿ ಸ್ವೀಕರಿಸಿದ ಪಿಸ್ತೂಲಿನಲ್ಲಿ ನಳಿಗೆಯ ಅಡಿಗೆ ಒಂದು ಓಲಾಡುವ ಕೊಂಡಿಯಿದೆ. ಸ್ಲೈಡ್ ಸ್ಟಾಪಿನ ಪಿನ್ನು ಫ್ರೇಮಿನ ಎಡಗೋಡೆಯಿಂದ ಹೊಕ್ಕು, ಆ ಕೊಂಡಿಯ ತೂತಿನ ಮೂಲಕ ಹಾದು ಬಲಗೋಡೆಯನ್ನು ತಲುಪುತ್ತದೆ. 1926ರಲ್ಲಿ ಬ್ರೌನಿಂಗ್ ತೀರಿಕೊಂಡ ನಂತರ ಬೆಲ್ಜಿಯಂನ ಡಿಯುಡೊನೆ ಸೇವ್ ಪೂರ್ಣಗೊಳಿಸಿದ, 1935ರ ಹೈ ಪವರ್ ಪಿಸ್ತೂಲಿನಲ್ಲಿ ಕೊಂಡಿಯ ಬದಲು ಉಬ್ಬಿನಲ್ಲೇ ಓರೆಯಾದ ದಾರಿಯೊಂದನ್ನು ಕೊರೆಯಲಾಯಿತು. 1982ರಲ್ಲಿ ಆಸ್ಟ್ರಿಯಾದ ಸೇನೆ ಆಯ್ದುಕೊಂಡ ಗ್ಲಾಕ್ 17ರಲ್ಲಿ ಉಬ್ಬಿನ ಇಳಿಜಾರು ಫ್ರೇಮಿನೊಳಗಿನ ಲೋಹದ ತುಂಡಿನ ಮೇಲೆ ಜಾರುತ್ತದೆ. ರೂಪ ಬದಲಾದರೂ ತತ್ವ ಒಂದೇ. ಹಾಗಾಗಿ ಉಬ್ಬನ್ನೂ ಅದಕ್ಕೆ ಎದುರಾಗುವ ಪಿನ್ನನ್ನೂ ಗುರುತಿಸಬಲ್ಲವನು ಹೊಸ ಮಾದರಿಯ ಪಿಸ್ತೂಲನ್ನು ಕಂಡಾಗಲೂ ದಿಕ್ಕೆಡುವುದಿಲ್ಲ.

ಜೋಡಣೆ ಸ್ಲೈಡಿನಿಂದ ಆರಂಭವಾಗುತ್ತದೆ. ಸ್ಲೈಡನ್ನು ತಲೆಕೆಳಗಾಗಿ ಹಿಡಿದು, ಈಗಿನ ಬಹುಪಾಲು ಪಿಸ್ತೂಲುಗಳಲ್ಲಿ, ನಳಿಗೆಯ ಬಾಯನ್ನು ಮೊದಲು ಒಳಗೆ ತೂರಿಸಿ, ಅನಂತರ ಹಿಂಭಾಗವನ್ನು ತನ್ನ ಜಾಗಕ್ಕೆ ಇಳಿಸಬೇಕು. ಮೇಲ್ಭಾಗದಿಂದ ನೋಡಿದಾಗ ಚೇಂಬರಿನ ಚೌಕಾಕಾರದ ಬೆನ್ನು, ಖಾಲಿ ಕೋಶ ಹೊರಬೀಳುವ ಕಿಂಡಿಯನ್ನು ಸರಿಯಾಗಿ ತುಂಬಿಕೊಂಡಿರಬೇಕು. ನಂತರ ಸ್ಪ್ರಿಂಗ್. ಅದರ ಮುಂದಿನ ತುದಿ ಸ್ಲೈಡಿನ ಮುಂಭಾಗದ ತೂತಿನಲ್ಲಿ ಕೂರುತ್ತದೆ, ಗೈಡ್ ರಾಡಿನ ಹಿಂದಿನ ಅಗಲವಾದ ತಲೆ ನಳಿಗೆಯ ಉಬ್ಬಿಗೆ ಆತುಕೊಳ್ಳುತ್ತದೆ. ಉಬ್ಬಿನಲ್ಲಿ ಆ ತಲೆಗೆಂದೇ ಅರ್ಧಚಂದ್ರಾಕಾರದ ಕಚ್ಚೊಂದು ಇರುವುದು ಸಾಮಾನ್ಯ. ರಾಡು ಆ ಕಚ್ಚಿನಲ್ಲಿ ಕೂರದೆ ಉಬ್ಬಿನ ಬೇರೆ ಅಂಚಿಗೆ ಆತುಕೊಂಡರೆ ಹೊರನೋಟಕ್ಕೆ ಎಲ್ಲವೂ ಸರಿಯಾಗಿಯೇ ಕಾಣಬಹುದು, ಆದರೆ ಸ್ಲೈಡನ್ನು ಫ್ರೇಮಿಗೆ ಸೇರಿಸಿದಾಗ ಅದು ಪೂರ್ತಿ ಸರಿಯುವುದಿಲ್ಲ. ಸ್ಪ್ರಿಂಗನ್ನು ಬದಿಯಿಂದ ನೋಡಿ, ರಾಡು ನಳಿಗೆಗೆ ಸಮಾನಾಂತರವಾಗಿ, ಓರೆಯಿಲ್ಲದೆ ಮಲಗಿದೆಯೇ ಎಂದು ಪರೀಕ್ಷಿಸುವುದಕ್ಕೆ ಎರಡು ಸೆಕೆಂಡು ಸಾಕು. ಈ ಎರಡು ಸೆಕೆಂಡುಗಳನ್ನು ಉಳಿಸಲು ಹೋದವರೇ ಮುಂದೆ ಸ್ಲೈಡನ್ನು ಬಲವಂತವಾಗಿ ಎಳೆಯುವ ಪ್ರಸಂಗಕ್ಕೆ ಸಿಲುಕುವುದು.

ಕೆಲವು ಸ್ಪ್ರಿಂಗುಗಳ ಎರಡು ತುದಿಗಳು ಒಂದೇ ಬಗೆಯಲ್ಲಿರುವುದಿಲ್ಲ. ಒಂದು ತುದಿಯ ಸುತ್ತುಗಳು ತುಸು ಕಿರಿದಾಗಿ, ತಾನು ಕೂತ ಭಾಗವನ್ನು ಬಿಗಿಯಾಗಿ ಹಿಡಿಯುವಂತಿರುತ್ತವೆ. ತೆಗೆಯುವಾಗ ಯಾವ ತುದಿ ಎತ್ತ ಇತ್ತು ಎಂಬುದನ್ನು ಗಮನಿಸಿ, ಭಾಗಗಳನ್ನು ಅದೇ ದಿಕ್ಕಿನಲ್ಲಿ ಸಾಲಾಗಿ ಇಟ್ಟುಕೊಂಡರೆ ಗೊಂದಲ ಉಳಿಯದು. ಎರಡು ಪಿಸ್ತೂಲುಗಳನ್ನು ಒಂದೇ ಹೊತ್ತಿನಲ್ಲಿ ಬಿಚ್ಚಿ ಸ್ವಚ್ಛಗೊಳಿಸುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ನೋಡಲು ಒಂದೇ ರೀತಿಯಿರುವ ನಳಿಗೆಗಳು, ಸ್ಪ್ರಿಂಗುಗಳು ಅದಲುಬದಲಾದರೆ ಪತ್ತೆಹಚ್ಚುವುದು ಕಷ್ಟ. ಬಳಕೆಯಲ್ಲಿ ಒಂದಕ್ಕೊಂದು ಹೊಂದಿಕೊಂಡ ಭಾಗಗಳನ್ನು ಬೇರ್ಪಡಿಸುವುದರಿಂದ ಕೆಡುಕೇ ಹೊರತು ಲಾಭವಿಲ್ಲ.

ಸ್ಲೈಡನ್ನು ಫ್ರೇಮಿಗೆ ಏರಿಸುವ ಮುನ್ನ ಎಣ್ಣೆಯ ಮಾತು. ಲೋಹಕ್ಕೆ ಲೋಹ ಉಜ್ಜಿ ಹೊಳಪುಗಟ್ಟಿದ ಜಾಗಗಳೇ ಎಣ್ಣೆ ಎಲ್ಲಿ ಬೇಕೆಂಬುದನ್ನು ತೋರಿಸುತ್ತವೆ: ಸ್ಲೈಡ್ ಓಡಾಡುವ ಹಳಿಗಳು, ನಳಿಗೆಯ ಬಾಯಿಯ ಹೊರಸುತ್ತು, ನಳಿಗೆ ಸ್ಲೈಡಿಗೆ ಬೆಸೆದುಕೊಳ್ಳುವ ಮೇಲ್ಮೈ, ಮತ್ತು ನಾವು ಇದುವರೆಗೆ ಮಾತನಾಡಿದ ಉಬ್ಬು. ಒಂದೊಂದು ಜಾಗಕ್ಕೆ ಒಂದು ತೊಟ್ಟು ಸಾಕು. ಸುರಿದ ಎಣ್ಣೆ ಮದ್ದಿನ ಮಸಿಯನ್ನು ಹಿಡಿದಿಟ್ಟುಕೊಂಡು ಅರೆಯುವ ಲೇಪದಂತಾಗುತ್ತದೆ. ಫೈರಿಂಗ್ ಪಿನ್ ಓಡಾಡುವ ಕೊಳವೆಗೆ ಎಣ್ಣೆ ಸೇರಕೂಡದು; ಅಲ್ಲಿ ಗಟ್ಟಿಯಾದ ಜಿಡ್ಡು ಪಿನ್ನಿನ ವೇಗವನ್ನು ಕುಗ್ಗಿಸಿ, ಕಾಡತೂಸಿನ ತಳಕ್ಕೆ ಬೀಳಬೇಕಾದ ಪೆಟ್ಟು ದುರ್ಬಲವಾಗುತ್ತದೆ.

ಫ್ರೇಮಿನ ಹಳಿಗಳಿಗೂ ಸ್ಲೈಡಿನ ತೋಡುಗಳಿಗೂ ಹೊಂದಿಕೆಯಾಗುವಂತೆ ಎರಡನ್ನೂ ನೇರವಾಗಿ ಹಿಡಿದು ಸೇರಿಸುವಾಗ, ನಾಲ್ಕು ಮೂಲೆಗಳ ಹಳಿಗಳೂ ತಮ್ಮ ತೋಡಿನೊಳಗೆ ಹೊಕ್ಕಿವೆಯೇ ಎಂದು ನೋಡಬೇಕು. ಒಂದು ಹಳಿ ಹೊರಗುಳಿದೂ ಸ್ಲೈಡ್ ಸ್ವಲ್ಪ ದೂರ ಜಾರಬಲ್ಲದು, ಆಮೇಲೆ ಸಿಕ್ಕಿಕೊಳ್ಳುತ್ತದೆ. 1975ರಲ್ಲಿ ಜೆಕೊಸ್ಲೊವಾಕಿಯಾದಿಂದ ಬಂದ ಸಿಝಡ್ 75ರಂಥ ಪಿಸ್ತೂಲುಗಳಲ್ಲಿ ಸ್ಲೈಡ್ ಫ್ರೇಮಿನ ಹೊರಗಲ್ಲ, ಒಳಗೆ ಜಾರುತ್ತದೆ. ಅಲ್ಲಿ ಈ ಎಚ್ಚರ ಇನ್ನಷ್ಟು ಬೇಕು.

ಇಲ್ಲಿಂದ ಮುಂದಿನ ಹೆಜ್ಜೆ ಮಾದರಿಯಿಂದ ಮಾದರಿಗೆ ಬೇರೆಯಾಗುತ್ತದೆ. ಗ್ಲಾಕ್‌ನಲ್ಲಿ ಸ್ಲೈಡನ್ನು ಹಳಿಗೆ ಏರಿಸಿ ಪೂರ್ತಿ ಹಿಂದಕ್ಕೆಳೆದು ಬಿಟ್ಟರೆ ಫ್ರೇಮಿನ ಪುಟ್ಟ ತಡೆ ಸ್ಪ್ರಿಂಗಿನ ಬಲದಿಂದ ತಾನಾಗಿ ಮೇಲೆದ್ದು ನಳಿಗೆಯ ಉಬ್ಬಿನ ಮುಂದೆ ನಿಲ್ಲುತ್ತದೆ. ಅಮೆರಿಕದ ಸೇನೆ 1985ರಲ್ಲಿ ಆಯ್ದುಕೊಂಡ ಇಟಲಿಯ ಬೆರೆಟ್ಟಾ 92 ಬೇರೆ ಕುಲದ್ದು: ಅಲ್ಲಿ ನಳಿಗೆ ಬಾಗುವುದಿಲ್ಲ, ಅದರ ಅಡಿಯಲ್ಲಿರುವ ಬಿಡಿ ತುಂಡೊಂದು ಕೆಳಗಿಳಿದು, ನಳಿಗೆಯನ್ನು ಸ್ಲೈಡಿಗೆ ಬೆಸೆದಿಟ್ಟ ಬೀಗ ತೆರೆಯುತ್ತದೆ. ಸ್ಲೈಡನ್ನು ಏರಿಸುವಾಗ ಆ ತುಂಡು ಜೋತುಬಿದ್ದಿದ್ದರೆ ಫ್ರೇಮಿಗೆ ತಗುಲಿ ದಾರಿ ತಡೆಯುತ್ತದೆ. ಅದನ್ನು ಬೆರಳಿನಿಂದ ಒಳಕ್ಕೆ ಒತ್ತಿ, ಸ್ಲೈಡ್ ಕೂತ ಬಳಿಕ ಬದಿಯ ಸನ್ನೆಯನ್ನು ಮೂಲ ಸ್ಥಾನಕ್ಕೆ ತಿರುಗಿಸಬೇಕು. ಬೀಗವೇ ಇಲ್ಲದ ಸರಳ ಬಗೆಯ ಪಿಸ್ತೂಲುಗಳೂ ಇವೆ. ಜರ್ಮನಿಯ 1929ರ ವಾಲ್ಥರ್ ಪಿಪಿ, ಸೋವಿಯತ್ ಒಕ್ಕೂಟ 1951ರಲ್ಲಿ ಸ್ವೀಕರಿಸಿದ ಮಕರೋವ್ ಇವುಗಳಲ್ಲಿ ನಳಿಗೆ ಫ್ರೇಮಿಗೇ ಬಿಗಿದಿರುತ್ತದೆ, ಸ್ಪ್ರಿಂಗ್ ನಳಿಗೆಯ ಸುತ್ತಲೇ ಇರುತ್ತದೆ. ಸ್ಲೈಡನ್ನು ನಳಿಗೆಗೆ ತೊಡಿಸಿ, ಪೂರ್ತಿ ಹಿಂದಕ್ಕೆಳೆದು, ಹಿಂಭಾಗವನ್ನು ಕೆಳಗೆ ಒತ್ತಿ ಬಿಟ್ಟರೆ ಮುಗಿಯಿತು.

ಕೈಚಳಕವನ್ನು ಹೆಚ್ಚು ಬೇಡುವುದು 1911ರ ಪಿಸ್ತೂಲು, ಮತ್ತು ಜೋಡಣೆಯನ್ನು ಕಲಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಗುರು ಇಲ್ಲವೆಂದೇ ಹೇಳುತ್ತೇನೆ. ಇಲ್ಲಿ ನಳಿಗೆಯನ್ನು ಸ್ಲೈಡಿನ ಮುಂಭಾಗದಿಂದ ತೂರಿಸಬೇಕು, ಆಗ ಅಡಿಯ ಕೊಂಡಿ ಮುಂದಕ್ಕೆ ಮಡಚಿಕೊಂಡಿರಬೇಕು. ಫ್ರೇಮನ್ನು ತಲೆಕೆಳಗಾಗಿ ಹಿಡಿದು ಸ್ಲೈಡಿನ ಮೇಲೆ ಜಾರಿಸುವಾಗ ಅದೇ ಕೊಂಡಿ ನೆಟ್ಟಗೆ ನಿಂತಿರಬೇಕು. ಅದು ವಾಲಿದರೆ ಸ್ಲೈಡ್ ಸ್ಟಾಪಿನ ಪಿನ್ನಿಗೆ ಕೊಂಡಿಯ ತೂತು ಸಿಗುವುದಿಲ್ಲ. ಫ್ರೇಮಿನ ತೂತಿನ ಮೂಲಕ ಇಣುಕಿ ಕೊಂಡಿಯ ತೂತು ನೇರಕ್ಕೆ ಬಂದಿದೆಯೆಂದು ಕಂಡ ಬಳಿಕವಷ್ಟೇ ಪಿನ್ನನ್ನು ತೂರಿಸಬೇಕು. ಪಿನ್ನು ಕೊಂಡಿಯೊಳಗೆ ಹೋಗದೆ ಪಕ್ಕದಲ್ಲಿ ಹಾದರೆ ಪಿಸ್ತೂಲು ಜೋಡಣೆಯಾದಂತೆ ಕಂಡರೂ ಕೆಲಸ ಮಾಡದು. ಪಿನ್ನಿನ ಜೊತೆಗಿರುವ ಸನ್ನೆಯನ್ನು ಕೊನೆಗೆ ಒತ್ತಿ ಕೂರಿಸುವಾಗ, ಸ್ಲೈಡಿನ ಅಂಚಿನಲ್ಲಿರುವ ಬಿಚ್ಚುವ ಕಚ್ಚು ಅದಕ್ಕೆ ಎದುರಾಗಿರಬೇಕು, ಹಿಂಬದಿಯ ಸ್ಪ್ರಿಂಗ್‌ಮೊಳೆಯನ್ನು ಚಪ್ಪಟೆ ಸಾಧನದಿಂದ ತುಸು ಹಿಂದೊತ್ತಬೇಕು. ಸನ್ನೆಯನ್ನು ಫ್ರೇಮಿನ ಮೈಮೇಲೆ ಎಳೆಯುತ್ತಾ ಮೇಲೆತ್ತಿದರೆ ಅಲ್ಲೊಂದು ಕಮಾನಿನಾಕಾರದ ಗೀರು ಬೀಳುತ್ತದೆ, ಮತ್ತೆ ಅಳಿಯುವುದಿಲ್ಲ. ಹಳೆಯ 1911ರ ಪಿಸ್ತೂಲುಗಳಲ್ಲಿ ಈ ಗೀರನ್ನು ಎಷ್ಟೋ ಕಡೆ ಕಾಣಬಹುದು.

ಆ ಪಿಸ್ತೂಲಿನಲ್ಲಿ ಅಪಾಯದ ಗಳಿಗೆಯೊಂದು ಇನ್ನೂ ಬಾಕಿಯಿರುತ್ತದೆ. ಸ್ಪ್ರಿಂಗಿನ ಮುಂದಿನ ತುದಿಗೆ ಟೊಪ್ಪಿಗೆಯಂತಿರುವ ಪ್ಲಗ್ಗನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಿ ಹಿಡಿದು, ನಳಿಗೆಯ ಬಾಯಿಯ ಸುತ್ತಲಿನ ಬುಶಿಂಗನ್ನು ತಿರುಗಿಸಿ ಅದನ್ನು ಬಂಧಿಸಬೇಕು. ಹೆಬ್ಬೆರಳು ಜಾರಿದರೆ ಪ್ಲಗ್ ಕಣ್ಣಿಗೆ ಹಾರುವಷ್ಟು ಬಲ ಆ ಸ್ಪ್ರಿಂಗಿನಲ್ಲಿದೆ. ಕನ್ನಡಕ ಧರಿಸುವುದು, ಮುಖವನ್ನು ಆ ನೇರದಿಂದ ಸರಿಸುವುದು, ಪ್ಲಗ್ಗಿನ ಮೇಲೆ ಬಟ್ಟೆಯೊಂದನ್ನು ಸುತ್ತಿಕೊಳ್ಳುವುದು, ಇವು ಅನುಭವಿಗಳು ಕೂಡ ಬಿಡಬಾರದ ಅಭ್ಯಾಸಗಳು.

ಯಾವ ಮಾದರಿಯಾದರೂ ಸರಿ, ಸ್ಲೈಡ್ ನಡುವೆ ನಿಂತರೆ ಸುತ್ತಿಗೆಗೆ ಕೈಚಾಚಬೇಡಿ. ಸರಿಯಾಗಿ ಕೂತ ಭಾಗಗಳಿಗೆ ಬೇಕಾಗುವುದು ಸ್ಪ್ರಿಂಗನ್ನು ಅದುಮುವಷ್ಟು ಬಲ ಮಾತ್ರ, ಅದಕ್ಕಿಂತ ಹೆಚ್ಚಿನದು ಬೇಕೆನಿಸಿದರೆ ಯಾವುದೋ ಭಾಗ ತನ್ನ ಜಾಗದಲ್ಲಿಲ್ಲ ಎಂದರ್ಥ. ಸ್ಲೈಡನ್ನು ಮುಂದಕ್ಕೆ ಜಾರಿಸಿ ಹೊರತೆಗೆದು, ಮೊದಲು ಗೈಡ್ ರಾಡಿನ ತಲೆಯನ್ನೂ ನಂತರ ಉಬ್ಬನ್ನೂ ನೋಡಿದರೆ ಬಹುತೇಕ ಸಂದರ್ಭಗಳಲ್ಲಿ ಕಾರಣ ಕಣ್ಣಿಗೆ ಬೀಳುತ್ತದೆ. ಹಾಗೂ ಕಾಣದಿದ್ದರೆ ಫ್ರೇಮಿನೊಳಗಿನ ಸಣ್ಣ ಸನ್ನೆಗಳತ್ತ ಗಮನ ಹರಿಸಬೇಕು. ಸ್ಮಿತ್ ಅಂಡ್ ವೆಸನ್‌ನ ಎಂ ಅಂಡ್ ಪಿ ಪಿಸ್ತೂಲುಗಳಲ್ಲಿ ಟ್ರಿಗರನ್ನು ಒತ್ತದೆಯೇ ಬಿಚ್ಚಲು ನೆರವಾಗುವ ಪುಟ್ಟ ಸನ್ನೆಯೊಂದು ಮ್ಯಾಗಜೀನಿನ ಕುಳಿಯೊಳಗಿದೆ. ಬಿಚ್ಚುವಾಗ ಕೆಳಗಿಳಿಸಿದ್ದನ್ನು ಜೋಡಿಸಿದ ಮೇಲೆ ಮತ್ತೆ ಮೇಲಕ್ಕೆ ತರಬೇಕು, ಖಾಲಿ ಮ್ಯಾಗಜೀನನ್ನು ತೂರಿಸಿದರೆ ಅದು ಆ ಕೆಲಸ ಮಾಡುತ್ತದೆ.

ಮ್ಯಾಗಜೀನನ್ನು ಬಿಚ್ಚಿದ್ದರೆ ಅದನ್ನೂ ಇದೇ ಹಂತದಲ್ಲಿ ಜೋಡಿಸಿಕೊಳ್ಳಬೇಕು. ಅದರ ಸ್ಪ್ರಿಂಗಿಗೆ ಮೇಲು ಕೆಳಗು, ಮುಂದು ಹಿಂದು ಎಲ್ಲವೂ ಉಂಟು. ತಿರುಗುಮುರುಗಾದರೆ ಕಾಡತೂಸನ್ನು ಮೇಲೆತ್ತುವ ತಟ್ಟೆ ಮೂಗು ತಗ್ಗಿಸಿಕೊಂಡು ನಿಲ್ಲುತ್ತದೆ. ಒಳಗೆ ಎಣ್ಣೆ ಬೇಡ.

ಈಗ ಪಿಸ್ತೂಲು ಇಡಿಯಾಗಿ ಕಾಣುತ್ತದೆ, ಆದರೆ ಕೆಲಸ ಮುಗಿದಿಲ್ಲ. ಮ್ಯಾಗಜೀನ್ ಹೊರಗಿದೆ, ಚೇಂಬರ್ ಖಾಲಿಯಿದೆ ಎಂದು ಮತ್ತೊಮ್ಮೆ ನೋಡಿ, ಗುಂಡು ಹಾರಿದರೂ ಯಾರಿಗೂ ಹಾನಿಯಾಗದ ದಿಕ್ಕಿಗೆ ನಳಿಗೆಯನ್ನು ತಿರುಗಿಸಿಕೊಂಡು ಸ್ಲೈಡನ್ನು ಕೆಲವು ಬಾರಿ ಎಳೆದು ಬಿಡಬೇಕು. ಪ್ರತಿ ಬಾರಿಯೂ ಅದು ಪೂರ್ತಿ ಮುಂದಕ್ಕೆ ಬಂದು ನಿಲ್ಲಬೇಕು. ನಳಿಗೆಯನ್ನು ಆಕಾಶಕ್ಕೆ ಮಾಡಿ ಸ್ಲೈಡನ್ನು ಕೈಯಿಂದ ನಿಧಾನವಾಗಿ ಬಿಟ್ಟಾಗಲೂ ಸ್ಪ್ರಿಂಗ್ ಅದನ್ನು ಮೇಲಕ್ಕೊಯ್ದು ಮುಚ್ಚಬೇಕು. ಕೊನೆಯಲ್ಲಿ ಒಂದೆರಡು ಮಿಲಿಮೀಟರ್ ಉಳಿಸಿಕೊಂಡು ನಿಂತರೆ ಸ್ಪ್ರಿಂಗ್ ಸೊರಗಿದೆ ಅಥವಾ ಭಾಗವೊಂದು ಓರೆಯಾಗಿದೆ.

ಮುಂದಿನದು ಟ್ರಿಗರಿನ ಪರೀಕ್ಷೆ, ಇದರ ಒಂದು ಹಂತವನ್ನು ಹಲವರು ಬಿಟ್ಟುಬಿಡುತ್ತಾರೆ. ಟ್ರಿಗರನ್ನು ಒತ್ತಿದಾಗ, ಫೈರಿಂಗ್ ಪಿನ್ನಿಗೆ ಬಡಿಯುವ ಹ್ಯಾಮರ್ ಬಿದ್ದ ಸದ್ದು ಕೇಳಿಸುತ್ತದೆ. ಬೆರಳನ್ನು ಸಡಿಲಿಸದೆ, ಟ್ರಿಗರನ್ನು ಒತ್ತಿಯೇ ಹಿಡಿದು, ಇನ್ನೊಂದು ಕೈಯಿಂದ ಸ್ಲೈಡನ್ನು ಪೂರ್ತಿ ಎಳೆದು ಬಿಡಬೇಕು. ಸ್ಲೈಡಿನ ಜೊತೆ ಹ್ಯಾಮರ್ ಕೂಡ ಮುಂದಕ್ಕೆ ಬೀಳಕೂಡದು, ಹಿಂದೆಯೇ ನಿಲ್ಲಬೇಕು. ಈಗ ಟ್ರಿಗರನ್ನು ಮೆಲ್ಲಗೆ ಸಡಿಲಿಸಿದಾಗ ಒಂದು ಸಣ್ಣ ಟಿಕ್ ಸದ್ದು ಬರುತ್ತದೆ. ಅದು ಟ್ರಿಗರಿಗೂ ಹ್ಯಾಮರಿಗೂ ನಡುವಣ ಕೊಂಡಿ ಮತ್ತೆ ಕೂಡಿಕೊಂಡ ಸದ್ದು. ಒಮ್ಮೆ ಒತ್ತಿದರೆ ಒಂದೇ ಗುಂಡು ಎಂಬುದು ಅರೆಸ್ವಯಂಚಾಲಿತ ಶಸ್ತ್ರದ ಲಕ್ಷಣ, ಆ ಲಕ್ಷಣವನ್ನು ಕಾಪಾಡುವ ಭಾಗ ಸರಿಯಾಗಿದೆ ಎಂಬುದಕ್ಕೆ ಈ ಪರೀಕ್ಷೆಯೇ ಸಾಕ್ಷಿ. ಹ್ಯಾಮರ್ ಹೊರಗೆ ಕಾಣದ ಪಿಸ್ತೂಲುಗಳಲ್ಲಿ ಕಿವಿಯನ್ನೇ ನಂಬಬೇಕು: ಸಡಿಲಿಸಿ ಮತ್ತೆ ಒತ್ತಿದಾಗ ಪೆಟ್ಟಿನ ಸದ್ದು ಹೊಸದಾಗಿ ಕೇಳಿಸಬೇಕು.

ಕೈಯಿಂದ ಹಾಕುವ ಸೇಫ್ಟಿ ಇದ್ದರೆ, ಸ್ಲೈಡನ್ನೊಮ್ಮೆ ಎಳೆದು ಬಿಟ್ಟು ಸೇಫ್ಟಿಯನ್ನು ಹಾಕಿ ಟ್ರಿಗರನ್ನು ಒತ್ತಿದಾಗ ಹ್ಯಾಮರ್ ಬೀಳಬಾರದು. ಬೆರಳನ್ನು ತೆಗೆದು ಸೇಫ್ಟಿಯನ್ನು ಬಿಡಿಸಿದ ಮೇಲೂ ತಾನಾಗಿ ಬೀಳಬಾರದು. ಹಿಡಿಕೆಯ ಹಿಂಬದಿಯಲ್ಲಿ ಸೇಫ್ಟಿ ಇರುವ ಪಿಸ್ತೂಲಿನಲ್ಲಿ ಅದನ್ನು ಅದುಮದಂತೆ ಹಿಡಿದು ಟ್ರಿಗರನ್ನು ಒತ್ತಿ ನೋಡಬೇಕು. ಕೊನೆಗೆ ಖಾಲಿ ಮ್ಯಾಗಜೀನನ್ನು ತೂರಿಸಿ ಸ್ಲೈಡನ್ನು ಎಳೆದಾಗ, ಕೊನೆಯ ಗುಂಡಿನ ನಂತರ ತೆರೆದು ನಿಲ್ಲುವ ಏರ್ಪಾಡಿರುವ ಪಿಸ್ತೂಲುಗಳಲ್ಲಿ, ಅದು ಹಿಂದೆಯೇ ನಿಲ್ಲಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಕಾಡತೂಸು ತುಂಬುವ ಮಾತಿಲ್ಲ. ಬಿಚ್ಚಿ ಮತ್ತೊಮ್ಮೆ ಜೋಡಿಸಿದ ಮೇಲೂ ದೋಷ ಉಳಿದರೆ ಪಿಸ್ತೂಲು ತರಬೇತಿ ಪಡೆದ ಶಸ್ತ್ರ ದುರಸ್ತಿಗಾರರ ಕೈಗೆ ಹೋಗಬೇಕು. ಫ್ರೇಮಿನೊಳಗಿನ ಟ್ರಿಗರ್ ಯಂತ್ರಾಂಗವನ್ನು ಬಿಚ್ಚಿ ಸರಿಪಡಿಸಲು ಹೊರಡುವುದು ಮಾಲೀಕನ ಕೆಲಸವಲ್ಲ.

ಎಲ್ಲವೂ ಸರಿಯಿದ್ದರೆ, ಬೆರಳಿನ ಬೆವರು ತುಕ್ಕು ತರದಂತೆ ಹೊರಮೈಯನ್ನು ಎಣ್ಣೆ ಸೋಕಿದ ಬಟ್ಟೆಯಿಂದ ತೆಳುವಾಗಿ ಒರೆಸಿ, ಪಿಸ್ತೂಲನ್ನು ಖಾಲಿಯಾಗಿಯೇ ಬೀಗದೊಳಗಿಟ್ಟು, ಕಾಡತೂಸುಗಳನ್ನು ಬೇರೆಡೆ ಇಡಬೇಕು. ಮಸಿಯಲ್ಲಿ ಸೀಸದ ಅಂಶವಿರುವುದರಿಂದ ಬಳಸಿದ ಬಟ್ಟೆಯ ಚೂರುಗಳನ್ನು ಮುಚ್ಚಿದ ಚೀಲದಲ್ಲಿ ಕಟ್ಟಿ ಎಸೆದು, ಊಟಕ್ಕಾಗಲಿ ನೀರಿಗಾಗಲಿ ಕೈಹಾಕುವ ಮೊದಲು ತಣ್ಣೀರು ಮತ್ತು ಸೋಪಿನಿಂದ ಕೈಗಳನ್ನು ಚೆನ್ನಾಗಿ ತೊಳೆದುಕೊಳ್ಳಬೇಕು.